ಬಾಣದಮ್ಮ ಬಾಯಿ ಬಿಟ್ಟದ್ದು

ಈ ಕಥೆಯನ್ನು ಮೊದಲು ಹೇಳಿದವರು ಅಂಗಿ ಹೊಲಿಯುವ ಕಾರ್ಖಾನೆಯೊಂದರಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತೇ ತಲೆ ನರೆಸಿಕೊಂಡವರು. ಎಲ್ಲರ ಬಾಯಲ್ಲೂ ಅವರು ಇಸ್ತ್ರಿಯಣ್ಣ. ಹೇಳಿದ್ದು ಒಂದು ಭಾನುವಾರದ ಸಂಜೆ, ಆರಾಧನೆ ಮುಗಿದು, ಚರ್ಚಿನ ಪಕ್ಕದ ಸಣ್ಣ ಕೋಣೆಯಲ್ಲಿ ಚಹಾದ ಲೋಟಗಳು ಇನ್ನೂ ಬೆಚ್ಚಗಿದ್ದಾಗ. ಸಂಗತಿ ನಡೆದು ಆಗಲೇ ವರ್ಷ ಕಳೆದಿತ್ತು. ಅದರಲ್ಲಿ ಅರ್ಧವನ್ನು ಅವರು ಕಣ್ಣಾರೆ ಕಂಡಿದ್ದರು. ಮನಸ್ಸಿನೊಳಗೆ ನಡೆದ ಉಳಿದರ್ಧವನ್ನು ಬಾಣದಮ್ಮನೇ ಅವರಿಗೆ ಹೇಳಿದ್ದಳು. "ಅವಳೇ ಹೇಳಿದ್ದಾ? ತಪ್ಪು ತೋರಿಸೋದು ಬಿಟ್ಟು ಅವಳ ಬಾಯಲ್ಲಿ ಬೇರೆ ಮಾತು ಬರುತ್ತಾ?" ಎಂದು ಕೇಳುಗರಲ್ಲಿ ಒಬ್ಬರು ನಗಾಡಿದಾಗ, ಇಸ್ತ್ರಿಯಣ್ಣ ಕುರ್ಚಿ ಎಳೆದುಕೊಂಡು, "ಕಥೆ ಇರೋದೇ ಅಲ್ಲಿ. ಕೂತ್ಕೊಳ್ಳಿ" ಎಂದರಂತೆ.

ಬಾಣದಮ್ಮ ಎಂಬುದು ಹೊಲಿಗೆಯ ಹೆಣ್ಣುಮಕ್ಕಳು ಬೆನ್ನ ಹಿಂದೆ ಇಟ್ಟ ಹೆಸರು. ಆಕೆಯ ಕೆಲಸ ಹೊಲಿದದ್ದನ್ನು ಪರೀಕ್ಷಿಸುವುದು. ಬೆಳಕು ಬೀಳುವ ಮೇಜಿನ ಮುಂದೆ ನಿಂತು, ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಗ್ಗಿಸಿ ನೋಡಿ, ಹೊಲಿಗೆ ತಪ್ಪಿದ ಜಾಗಕ್ಕೆ ಕೆಂಪು ಕಾಗದದ ಪುಟ್ಟ ಬಾಣವೊಂದನ್ನು ಅಂಟಿಸಬೇಕು. ಬಾಣದ ಮೂತಿ ಎತ್ತ ತೋರುತ್ತದೋ ಅಲ್ಲಿ ತಪ್ಪಿದೆ ಎಂದು ಅರ್ಥ. ಬಾಣ ಬಿದ್ದದ್ದು ಹೊಲಿದವಳಿಗೇ ವಾಪಸಾಗುತ್ತದೆ. ಅವಳು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಯಂತ್ರಗಳ ಗದ್ದಲದಲ್ಲಿ ಮಾತಿಗೆ ಎಡೆಯಿಲ್ಲ, ಬಾಣಕ್ಕೆ ಮಾತು ಬೇಕಾಗಿಯೂ ಇಲ್ಲ. ಹೀಗೆ ಮಾತಿಲ್ಲದೆ ತೋರಿಸುತ್ತಾ ತೋರಿಸುತ್ತಾ ಆಕೆಯ ಕಣ್ಣು ಎಂಥ ಹದಕ್ಕೆ ಬಂದಿತ್ತೆಂದರೆ, ಮದುವೆಯ ಮನೆಗೆ ಹೋದರೂ ಮೊದಲು ಕಾಣುತ್ತಿದ್ದದ್ದು ಮದುಮಗನ ಕೋಟಿನ ತೋಳು ಒಂದು ಎಳೆಯಷ್ಟು ಗಿಡ್ಡವಾದದ್ದು. ಕೆಟ್ಟವಳಲ್ಲ. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಹೋಗಿ ಮಂಡಿಯೂರುವವಳು ಆಕೆ. ಪ್ರಾರ್ಥನೆಗೆ ನಿಂತರೆ ದೇವರನ್ನು ಹಾಡಿ ಹೊಗಳಲು ಆಕೆಯ ನಾಲಗೆ ಒಮ್ಮೆಯೂ ತಡವರಿಸದು. ಆದರೆ ದೇವರು ಕಾಲರ್ ಹೊಲಿಯುವುದಿಲ್ಲ, ಪಾತ್ರೆ ತೊಳೆಯುವುದಿಲ್ಲ. ಕಣ್ಣೆದುರಿನ ಮನುಷ್ಯರನ್ನು ಹೊಗಳಬೇಕೆಂದರೆ ಅದೇ ನಾಲಗೆ ಏಳುತ್ತಿರಲಿಲ್ಲ.

ಆ ದಿನ ವಾರದ ನಡುವಿನ ಒಂದು ಸಾಮಾನ್ಯ ದಿನ. ಆಕೆ ಎದ್ದದ್ದೇ ಋಣಭಾರದಂಥ ಒಂದು ಭಾರ ಹೊತ್ತು. ಹಿಂದಿನ ಭಾನುವಾರ ಸಭಾಪಾಲಕರು ನಾಲಗೆಯ ಬಗ್ಗೆ ಬೋಧಿಸಿದ್ದರು. ಕೆಡವುವ ಮಾತಿಗೆ ಉಸಿರಿದ್ದರೆ ಸಾಕು, ಕಟ್ಟುವ ಮಾತಿಗೆ ಎದೆ ಬೇಕು. ಕ್ರಿಸ್ತನನ್ನು ಹಿಂಬಾಲಿಸುತ್ತೇವೆ ಅನ್ನುವವರು ಈ ವಾರ ಪರಊರಿಗೆ ಸುವಾರ್ತೆ ಒಯ್ಯುವುದು ಬೇಡ, ನಿಮ್ಮ ನಿಮ್ಮ ಮನೆಯೊಳಗೆ ಒಬ್ಬರಿಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆಕೆ ನಗಲಿಲ್ಲ. ಯಾರಿಗೆ ಎಂಬುದು ಆಕೆಗೆ ಆ ಕ್ಷಣವೇ ತಿಳಿದಿತ್ತು. ಪಕ್ಕದಲ್ಲೇ, ಮಡಿಲಲ್ಲಿ ಕೈ ಜೋಡಿಸಿಕೊಂಡು, ಸೊಸೆ ಕೂತಿದ್ದಳು. ಭಾನುವಾರ ಹೋಯಿತು, ಸೋಮವಾರ ಹೋಯಿತು. ಈ ಬೆಳಿಗ್ಗೆ ಸೊಸೆ ಚಹಾದ ಲೋಟವನ್ನು ಮುಂದಿಟ್ಟು ಹಿಂದೆ ಸರಿದಾಗ ಆಕೆ ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡು, "ಚಹಾ ಚೆನ್ನಾಗಿದೆ" ಎಂದಳು. ಸೊಸೆ ಬಾಗಿಲಲ್ಲೇ ನಿಂತಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಆದರೆ ಇನ್ನೊಂದು ಕುದಿ ಬರಬೇಕಿತ್ತು" ಎಂಬುದು ಯಾರೋ ಬೆನ್ನಿಗೆ ಗುದ್ದಿದಂತೆ ಹೊರಬಿತ್ತು. ಸೊಸೆ, "ಹೂಂ ಅತ್ತೆ" ಎಂದು ಒಳಗೆ ಹೋದಳು.

ಬಸ್ಸು ಓಡಿಸಿ ನಿವೃತ್ತನಾಗಿದ್ದ ಗಂಡ ಪತ್ರಿಕೆಯ ಹಿಂದಿನಿಂದ ಕಿಸಕ್ಕನೆ ನಕ್ಕ. "ಗಾಡಿ ಚೆನ್ನಾಗೇ ಹೊರಟಿತ್ತು ಕಣೇ. ಗೇಟು ದಾಟೋಕೆ ಮುಂಚೆ ಬ್ರೇಕ್ ಹಾಕಿಬಿಟ್ಟೆ."

"ಇದ್ದದ್ದು ಹೇಳಿದೆ. ಸುಳ್ಳು ಹೇಳ್ಲಾ?"

"ಚೆನ್ನಾಗಿದೆ ಅಂದಿದ್ದು ಸುಳ್ಳಾ?"

"ಅದೂ ನಿಜವೇ."

"ಮತ್ತೆ ಎರಡು ನಿಜ ಇದ್ದಾಗ ನಿನ್ನ ಕೈ ಯಾವಾಗಲೂ ಎರಡನೇದಕ್ಕೇ ಯಾಕೆ ಹೋಗುತ್ತೆ? ಕಾಲರ್ ನೋಡು ಅಂತ ನಿನಗೆ ಸಂಬಳ ಕೊಡ್ತಾರೆ. ನಮ್ಮ ಮುಖ ನೋಡೋಕೆ ಯಾರೂ ಏನೂ ಕೊಡಲ್ಲ, ಸ್ವಲ್ಪ ಪುಕ್ಕಟೆ ನೋಡು."

ಕಾರ್ಖಾನೆಗೆ ಅತ್ತೆ ಸೊಸೆ ಜೊತೆಯಾಗಿಯೇ ನಡೆದುಹೋಗುತ್ತಿದ್ದರು. ಜೊತೆ ಎಂದರೆ, ಸೊಸೆ ಸದಾ ಅರ್ಧ ಹೆಜ್ಜೆ ಹಿಂದೆ. ಅಂಗಡಿಗಳ ಕದ ಮೇಲೆ ಸರಿಯುವ ಸದ್ದು, ಒದ್ದೆ ಕಾಲುದಾರಿಯಲ್ಲಿ ಸೈಕಲ್ಲಿನ ಗಾಲಿ ಬಿಡಿಸಿದ ಗೆರೆ, ಅದೂ ಸೊಟ್ಟ. ಇಂದು ಸೊಸೆಯ ಪರೀಕ್ಷೆಯ ಕೊನೆಯ ದಿನವೆಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದನ್ನು ಎತ್ತಿರಲಿಲ್ಲ. ಅಂಗಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕಾಲರ್. ಕೈ ಕೂತಿತೆಂದು ಸೂಪರ್‌ವೈಸರ್ ಒಪ್ಪಿದರೆ ಆ ಯಂತ್ರ ಅವಳದು, ಇಲ್ಲವಾದರೆ ನಾಳೆಯಿಂದ ಬರಬೇಕಾಗಿಲ್ಲ. ಏನಾದರೂ ಹೇಳಬೇಕು, ಹೆದರಬೇಡ ಅನ್ನಬೇಕು, ನಿನ್ನ ಕೈ ಒಳ್ಳೆಯದು ಅನ್ನಬೇಕು ಎಂದು ಆಕೆ ತಿರುಗಿದರೆ ಕಣ್ಣಿಗೆ ಬಿದ್ದದ್ದು ಸೊಸೆಯ ಕುತ್ತಿಗೆಯ ಬಳಿ ಮಡಚಿಕೊಂಡ ರವಿಕೆಯ ಅಂಚು. ಈ ಹುಡುಗಿ ಮದುವೆಯಾಗಿ ಬಂದ ಹೊಸತರಲ್ಲಿ ವಾಚಾಳಿಯಾಗಿದ್ದಳು. ಪಾತ್ರೆ ತೊಳೆಯುತ್ತಾ ನಲ್ಲಿಯ ಜೊತೆಗೂ ಮಾತಾಡುತ್ತಿದ್ದಳು, ಮಾವನಿಗೆ ಕಂಡಕ್ಟರನ ಹಾಗೆ ಸೀಟಿ ಊದಿ ಊಟಕ್ಕೆ ಕರೆಯುತ್ತಿದ್ದಳು. ಮೊದಲ ತಿಂಗಳಲ್ಲೇ ಅಡುಗೆಮನೆಯ ಕಿಟಕಿಗೆಂದು, ಹಳೆಯ ಸೀರೆಯಿಂದ, ತಾನೇ ಕೂತು ಒಂದು ಪರದೆ ಹೊಲಿದು ತೂಗುಹಾಕಿ, "ಅತ್ತೆ, ಕಣ್ಣು ಮುಚ್ಕೊಂಡು ಬನ್ನಿ" ಎಂದು ಕೈಹಿಡಿದು ಕರೆದೊಯ್ದಿದ್ದಳು. ಕಣ್ಣು ತೆರೆದಾಗ ಬೆಳಕು ಆ ಹಳದಿ ಬಟ್ಟೆಯಲ್ಲಿ ಸೋಸಿಬಂದು ಇಡೀ ಒಲೆಯ ಕಟ್ಟೆಗೆ ಬೆಣ್ಣೆ ಸವರಿದಂತಿತ್ತು. ಅದನ್ನು ಆಕೆ ಕಂಡಿದ್ದಳು, ಕಾಣಲಿಲ್ಲ ಎಂದಲ್ಲ. ಆದರೆ ಬೆರಳು ತಾನಾಗಿಯೇ ಅಂಚಿಗೆ ಹೋಗಿ, "ಇಲ್ಲಿ ಸುಕ್ಕು ಹಿಡಿದಿದೆ" ಎಂದಿತ್ತು. ಮಾರನೆಯ ದಿನ ಕಿಟಕಿ ಬರಿದಾಗಿತ್ತು. ಯಾರೂ ಏನೂ ಕೇಳಲಿಲ್ಲ. ಸೀಟಿ ಯಾವಾಗ ನಿಂತಿತೆಂದು ಆಕೆಗೆ ನೆನಪಿಲ್ಲ. ಒಂದು ದಿನ ಊಟದ ಹೊತ್ತಿಗೆ ಮನೆ ಅಷ್ಟೊಂದು ಸದ್ದಿಲ್ಲದೆ ಇದೆಯಲ್ಲ ಎಂದು ಅನ್ನಿಸಿತ್ತು, ಅಷ್ಟೆ. ಮನೆಯ ದೀಪವನ್ನು ತಾನೇ ಊದಿದವಳು ಕತ್ತಲಾಯಿತೇಕೆ ಎಂದು ಬಾಗಿಲಲ್ಲಿ ನಿಂತು ನೋಡಿದಂತೆ.

ಮೇಜಿನ ಮುಂದೆ ನಿಂತ ಮೇಲೆ ಆಕೆಗೆ ಸಮಾಧಾನ. ಇಲ್ಲಿ ಆಕೆ ಏನು, ಏಕೆ, ಎಷ್ಟು ಎಂಬುದು ಆಕೆಗೆ ಗೊತ್ತು. ಸಾಲುಸಾಲು ಬಾಗಿದ ತಲೆಗಳು, ಗಾಳಿಯಲ್ಲಿ ತೇಲುವ ನೂಲಿನ ಧೂಳು, ಮೂಲೆಯಲ್ಲಿ ಇಸ್ತ್ರಿಯಣ್ಣನ ಮೇಜಿನಿಂದ ಏಳುವ ಹಬೆ. ಸೊಸೆಯ ಬೆನ್ನು ಮಾತ್ರ ಇಲ್ಲಿಂದ ಕಾಣುತ್ತದೆ. ಬೆನ್ನಿಗೂ ಭಯವಿರುತ್ತದೆ ಎಂದು ಆಕೆಗೆ ಈಗ ಕಂಡಿತು. ಭುಜಗಳೆರಡೂ ಕಿವಿಯ ಕಡೆಗೆ ಏರಿದ್ದವು. ಅವಳ ಮೊದಲ ಕಂತಿನ ಕಾಲರುಗಳು ಬಂದವು. ಒಂದಕ್ಕೆ ಬಾಣ, ಇನ್ನೊಂದಕ್ಕೂ ಬಾಣ, ಎರಡೂ ನ್ಯಾಯವಾದವೇ. ಆಮೇಲೆ ಆಕೆಯ ಕೈಗೆ ಬಂದದ್ದನ್ನು ಬೆಳಕಿಗೆ ಹಿಡಿದಾಗ ಆಕೆಯ ಬೆರಳು ಬಾಣದತ್ತ ಹೋಗದೆ ನಿಂತಿತು. ಎರಡು ಮೂಲೆಗಳು ಅವಳಿಜವಳಿ ಮಕ್ಕಳಂತೆ. ಒಂದರ ಮೇಲೊಂದು ಮಡಿಸಿ ನೋಡಿದರೆ ಎಳೆಯಷ್ಟೂ ಹೊರಗೆ ಇಣುಕದು. ಅಂಚಿನ ಹೊಲಿಗೆ ಗೆರೆ ಎಳೆದಂತೆ ಬಂದು, ತುದಿಯಲ್ಲಿ ಅನುಮಾನಿಸದೆ ತಿರುಗಿತ್ತು. ಈ ಕೈಗಳ ನಡುವೆ ಸಾವಿರಾರು ಕಾಲರುಗಳು ಹಾದುಹೋಗಿದ್ದವು, ಇಂಥದ್ದು ಅಪರೂಪ.

ಈಗ ಹೋಗಿ ಹೇಳು ಎಂದಿತು ಮನಸ್ಸು. ನಾಲ್ಕು ಹೆಜ್ಜೆ. ಆದರೆ ಈ ಗದ್ದಲದಲ್ಲಿ ಹೇಳುವುದೆಂದರೆ ಕೂಗಿಯೇ ಹೇಳಬೇಕು. ಕೂಗಿದರೆ ಸಾಲಿಡೀ ತಿರುಗುತ್ತದೆ. ನಮ್ಮ ಬಟ್ಟೆಗೆಲ್ಲ ಬಾಣ, ಸೊಸೆಯ ಬಟ್ಟೆಗೆ ಹೂವು ಎನ್ನುತ್ತಾರೆ. ಎನ್ನಲಿ ಬಿಡು. ಅದಲ್ಲ. ಆ ಮಾತನ್ನು ಹೇಳುವಾಗ ತನ್ನ ಮುಖ ಹೇಗಿರುತ್ತದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ಅಂಥ ಮುಖವನ್ನು ತನ್ನ ತಾಯಿಯಲ್ಲಿ ಒಮ್ಮೆಯೂ ಕಂಡವಳಲ್ಲ. ಕಂಡದ್ದು ಭಾನುವಾರದ ಶಾಲೆಯ ಟೀಚರಮ್ಮನಲ್ಲಿ. ಬೈಬಲಿನ ವಚನ ಓದಿ ಮುಗಿಸಿ ಕೆಳಗಿಳಿದ, ಆಗಿನ್ನೂ ಲಂಗದ ಹುಡುಗಿಯಾಗಿದ್ದ ಆಕೆಯ ಗಲ್ಲ ಹಿಡಿದು, "ಹಿಂದಿನ ಬೆಂಚಿನವರೆಗೂ ಕೇಳಿಸ್ತು ಮಗೂ" ಎಂದಿದ್ದರು. ಆ ಟೀಚರಮ್ಮ ಮಣ್ಣಾಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ಸಭೆಯಲ್ಲಿ ಎದ್ದುನಿಂತು ಪ್ರಾರ್ಥಿಸುವಾಗ ಆಕೆಯ ದನಿ ಹಿಂದಿನ ಬೆಂಚಿಗೇ ಹೋಗುತ್ತದೆ. ಒಬ್ಬರ ಒಂದು ಮಾತು ಇಷ್ಟು ದೂರ ನಡೆದುಬರುತ್ತದೆಯೇ, ಹಾಗಾದರೆ ಆ ಸುಕ್ಕಿನ ಮಾತೂ ಇಷ್ಟೇ ದೂರ ನಡೆದುಹೋಗುತ್ತದೆಯೇ ಎಂದು ಆಕೆ ಕಾಲರಿನ ಮೂಲೆಯನ್ನು ಬೆರಳಲ್ಲಿ ಸವರಿದಳು. ಆಗ ಕೈ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಮಾಡಿತು. ಒಂದು ಬಾಣವನ್ನು ಬಿಡಿಸಿ, ಆ ನಿಷ್ಕಳಂಕವಾದ ಮೂಲೆಗೆ ಮೂತಿ ಮಾಡಿ, ಮೆಲ್ಲಗೆ, ಮಗುವಿನ ಹಣೆ ಮುಟ್ಟುವಂತೆ ಅಂಟಿಸಿತು. ಸೊಸೆ ನೋಡುತ್ತಾಳೆ. ತಪ್ಪು ಹುಡುಕುತ್ತಾಳೆ, ಸಿಗುವುದಿಲ್ಲ. ಆಗ ತಿಳಿಯುತ್ತದೆ ಅವಳಿಗೆ. ತಿಳಿಯದೆ ಏನು, ದಡ್ಡಿಯೇ? ಹೀಗೆ ಆಕೆ ತನಗೆ ತಾನೇ ಹೇಳಿಕೊಂಡು, ಕಾಲರನ್ನು ವಾಪಸು ಹೋಗುವ ತಟ್ಟೆಯಲ್ಲಿಟ್ಟು, ಯಾವುದೋ ದೊಡ್ಡ ಕೆಲಸ ಮುಗಿಸಿದವಳಂತೆ ಹಗುರಾಗಿ ನೀರು ಕುಡಿಯಲು ಹೋದಳು. ದಾರಿಯಲ್ಲಿ ಇಸ್ತ್ರಿಯಣ್ಣನಿಗೆ, "ಏನಣ್ಣಾ, ಬಿಸಿ ಜೋರಾ?" ಎಂದು ತಾನಾಗಿ ಕೇಳಿದಳು. ಇಸ್ತ್ರಿಯಣ್ಣ ಬೆಚ್ಚಿಬಿದ್ದು ತಮ್ಮ ಬೆರಳನ್ನೇ ಸುಟ್ಟುಕೊಂಡದ್ದು ಆಗಲೇ.

ತಿರುಗಿ ಬಂದಾಗ ಸೊಸೆಯ ಬೆನ್ನು ಇನ್ನಷ್ಟು ಬಾಗಿತ್ತು. ಯಂತ್ರ ಓಡುತ್ತಿರಲಿಲ್ಲ. ಅವಳು ಹೊಲಿಗೆ ಬಿಚ್ಚುತ್ತಿದ್ದಳು. ಆಕೆಗೆ ಅದು ಕಂಡರೂ ಅರ್ಥವಾಗಲು ತುಸು ಹೊತ್ತು ಬೇಕಾಯಿತು. ಬಾಣದಮ್ಮನ ಬಾಣ ಸುಳ್ಳಾಡುವುದಿಲ್ಲ ಎಂಬುದು ಆ ಸಾಲಿನವರೆಲ್ಲರ ನಂಬಿಕೆ. ತಪ್ಪು ಕಾಣದಿದ್ದರೆ ಅದು ತನ್ನ ಕಣ್ಣಿನ ದೋಷವೆಂದು ಹುಡುಗಿ ಮೊದಲು ಅಂಚಿನ ಹೊಲಿಗೆ ಬಿಚ್ಚಿದ್ದಳು. ಅಲ್ಲೂ ಸಿಗದೆ ಒಳಗಿನದನ್ನು ಬಿಚ್ಚಿದ್ದಳು. ಕಾಲರಿನ ಮೂಲೆ ಚೂಪಾಗಿ ಬರಬೇಕಾದರೆ ಒಳಗಿನ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆಗೆ ತಾಗುವಷ್ಟು ಹತ್ತಿರ ಕತ್ತರಿಸಿರುತ್ತಾರೆ; ಅಂಥ ಮೂಲೆಯನ್ನು ಬಿಚ್ಚಿದರೆ ಮತ್ತೆ ಹೊಲಿಯಲು ಬಟ್ಟೆಯೇ ಉಳಿಯುವುದಿಲ್ಲ. ಎಳೆಗಳು ಕೂದಲಿನಂತೆ ಕೆದರಿಕೊಂಡಿದ್ದವು. ಅದೇ ಹೊತ್ತಿಗೆ ಸೂಪರ್‌ವೈಸರ್, ಸದಾ ಇನ್ನೆಲ್ಲೋ ಹೋಗಬೇಕಾದವನಂತೆ ನಡೆಯುವ ಮನುಷ್ಯ, ಸೊಸೆಯ ಯಂತ್ರದ ಬಳಿ ಬಂದು ನಿಂತಿದ್ದ.

"ಏನಮ್ಮಾ ಇದು? ಕಾಲರಾ, ನೆಲ ಒರೆಸೋ ಬಟ್ಟೆಯಾ?" ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಹುಡುಗಿ ಮಾತಾಡಲಿಲ್ಲ. ಮಾತು ಅವಳಿಂದ ಹೋಗಿ ಎಷ್ಟೋ ದಿನವಾಗಿತ್ತಲ್ಲ. ಅವನು ಮೇಜಿನ ಕಡೆ ತಿರುಗಿ ಕೂಗಿದ: "ಅಮ್ಮಾ, ನಿಮ್ಮ ಬಾಣ ಇದೆ ಇದರಲ್ಲಿ. ತಪ್ಪು ದೊಡ್ಡದೇ ಇತ್ತಾ?"

ಹೌದು ಎಂದರೆ ಮುಗಿಯಿತು. ಬಾಣದ ಮರ್ಯಾದೆ ಉಳಿಯುತ್ತದೆ, ಹುಡುಗಿ ಮನೆಗೆ ಹೋಗುತ್ತಾಳೆ, ಅರ್ಧ ಹೆಜ್ಜೆ ಹಿಂದಿನ ಮೌನ ಇನ್ನು ಅಡುಗೆಮನೆಯಲ್ಲೇ ಬಿಡಾರ ಹೂಡುತ್ತದೆ. ಆಕೆ ನಡೆದು ಬಂದಳು.

"ತಪ್ಪು ಇರಲಿಲ್ಲ" ಎಂದಳು.

"ಏನಂದ್ರಿ? ಕೇಳಿಸ್ಲಿಲ್ಲ."

"ತಪ್ಪು ಇರಲಿಲ್ಲ ಸಾರ್!" ಎಂದು ಆಕೆ ಕೂಗಿದಳು. ಹತ್ತಿರದ ಯಂತ್ರವೊಂದು ನಿಂತಿತು.

"ಮತ್ತೆ ಬಾಣ ಯಾಕೆ ಹಾಕಿದ್ರಿ?"

"ಚೆನ್ನಾಗಿತ್ತು, ಅದಕ್ಕೆ."

ಇನ್ನೆರಡು ಯಂತ್ರಗಳು ನಿಂತವು. ಯಾರೋ, "ಅಯ್ಯೋ, ಬಾಣದಮ್ಮನಿಗೆ ಜ್ವರಾನಾ?" ಎಂದದ್ದು, ಸದ್ದು ಕಡಿಮೆಯಾದದ್ದರಿಂದ, ಎಲ್ಲರಿಗೂ ಕೇಳಿಸಿತು. ನಗು ಸಾಲಿನುದ್ದಕ್ಕೂ ಹರಿಯಿತು. ಆಕೆಯ ಕಿವಿ ಕಾದ ಹೆಂಚಾಯಿತು. ಆ ಹೆಸರು ತನಗಿದೆಯೆಂಬುದು ಗೊತ್ತಿತ್ತು, ಮುಖದ ಮೇಲೆ ಕೇಳಿದ್ದು ಇದೇ ಮೊದಲು. ಸೂಪರ್‌ವೈಸರ್ ತಲೆ ಕೆರೆದುಕೊಂಡ. "ಚೆನ್ನಾಗಿದ್ದಕ್ಕೆಲ್ಲ ಬಾಣ ಹಾಕ್ತಾ ಹೋದ್ರೆ ನಾವು ಅಂಗಡಿ ಮುಚ್ಚಬೇಕಾಗುತ್ತೆ ಅಮ್ಮಾ. ಏನು ಚೆನ್ನಾಗಿತ್ತು ಅಂತ ಹೇಳಿ. ಸೊಸೆ ಅಂತ ಹೇಳ್ತಿಲ್ಲ ತಾನೇ?"

ಏನು ಚೆನ್ನಾಗಿತ್ತು. ಆ ಪ್ರಶ್ನೆಯನ್ನು ಆಕೆಗೆ ಈವರೆಗೆ ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ, ಆಶ್ಚರ್ಯವೆಂಬಂತೆ, ಸಿದ್ಧವಾಗಿತ್ತು. ತಪ್ಪನ್ನು ಕಂಡ ಕಣ್ಣು ಇಷ್ಟು ಕಾಲವೂ ಸರಿಯಾದದ್ದನ್ನೂ ಕಂಡಿತ್ತು, ಹೇಳಿರಲಿಲ್ಲ ಅಷ್ಟೆ. "ಎರಡು ಮೂಲೆ ಒಂದರ ಮೇಲೊಂದು ಇಟ್ಟರೆ ಒಂದೇ ಮೂಲೆ ಅನ್ನಬೇಕು, ಹಾಗಿತ್ತು. ತುದಿಗೆ ಬಂದಾಗ ಎಲ್ಲರೂ ಹೆದರಿ ಅರ್ಧ ಹೊಲಿಗೆ ಮೊದಲೇ ತಿರುಗಿಸ್ತಾರೆ, ಮೂಲೆ ಮೊಂಡಾಗುತ್ತೆ. ಈ ಹುಡುಗಿ ತುದಿವರೆಗೂ ಹೋಗಿ ಸೂಜಿ ನಿಲ್ಲಿಸಿ ಬಟ್ಟೆ ತಿರುಗಿಸಿದ್ದಾಳೆ. ಅಷ್ಟು ತಾಳ್ಮೆ ಈ ಸಾಲಲ್ಲಿ ಇನ್ಯಾರ ಕೈಯಲ್ಲೂ ನಾನು ನೋಡಿಲ್ಲ. ಬೆಳಿಗ್ಗೆಯ ಎರಡು ಕಾಲರ್ ಸರಿ ಇರಲಿಲ್ಲ, ಅದಕ್ಕೂ ಬಾಣ ಹಾಕಿದ್ದೀನಿ. ಇದು ಸರಿ ಇತ್ತು. ಬಾಯಲ್ಲಿ ಹೇಳೋಕೆ ನನಗೆ ಬರಲಿಲ್ಲ. ಕೆಟ್ಟಿದ್ದು ನನ್ನಿಂದ, ಅವಳಿಂದಲ್ಲ."

ಹೇಳಿ ಮುಗಿಸಿದಾಗ ಒಂದು ವಿಷಯ ಹೊಳೆಯಿತು. ಇದಿಷ್ಟನ್ನೂ ಆಕೆ ಹೇಳಿದ್ದು ಸೂಪರ್‌ವೈಸರನಿಗೆ. ಹುಡುಗಿಯ ಕಡೆ ಇನ್ನೂ ನೋಡಿಯೇ ಇರಲಿಲ್ಲ. ದೇವರಿಗೆ ಹೇಳಿ ಮನುಷ್ಯರನ್ನು ಬಿಟ್ಟಂತೆ. ಆಕೆ ತಿರುಗಿದಳು. ಸೊಸೆ ತಲೆಯೆತ್ತಿದ್ದಳು, ಗಲ್ಲದ ಮೇಲೆ ನೂಲಿನ ಒಂದು ಎಳೆ ಅಂಟಿತ್ತು. ಅದನ್ನು ಬೆರಳು ತೆಗೆಯಹೋಯಿತು. ಆಕೆ ಬೆರಳನ್ನು ತಡೆದಳು. "ಚೆನ್ನಾಗಿ ಹೊಲಿದಿದ್ದೆ, ಮಗಳೇ" ಎಂದಳು. ಅಷ್ಟೇ. ಹಿಂದೆ ಇನ್ನೇನೂ ಬರಲಿಲ್ಲ. ಆಕೆ ಒಂದು ಕ್ಷಣ ಕಾದಳು, ನಿಜವಾಗಿಯೂ ಬರಲಿಲ್ಲ.

ಸೊಸೆಯ ತುಟಿ ನಡುಗಿತು. ಅಳುತ್ತಾಳೆಂದು ಎಲ್ಲರೂ ಅಂದುಕೊಂಡರು. "ಅತ್ತೆ!" ಎಂದು ಅವಳು ಇದ್ದಕ್ಕಿದ್ದಂತೆ ರೇಗಿದಳು, ಎಷ್ಟು ಗಟ್ಟಿಯಾಗಿ ಎಂದರೆ ಇಸ್ತ್ರಿಯಣ್ಣನ ಮೇಜಿಗೂ ಕೇಳಿತು. "ಅದನ್ನ ಮೊದಲೇ ಬಾಯಲ್ಲಿ ಹೇಳಬಾರದಿತ್ತಾ? ಬಿಚ್ಚಿ ಬಿಚ್ಚಿ ನನ್ನ ಉಗುರು ಕಿತ್ತುಹೋಯ್ತು! ನನ್ನ ಕಣ್ಣೇ ಹೋಗಿರಬೇಕು ಅಂದ್ಕೊಂಡೆ ನಾನು! ಇಂಥ ಚಂದದ ಮೂಲೆ, ನೋಡಿ, ಹೊಟ್ಟೆ ಉರಿಯುತ್ತೆ!" ಬಾಣದಮ್ಮನನ್ನು ಬೈದು ಉಳಿದವರಿರಲಿಲ್ಲ. ಆದರೆ ಬೈಸಿಕೊಂಡವಳ ಮುಖ ಬಿಸಿಲು ಬಿದ್ದ ಅಂಗಳದಂತೆ ಅರಳಿತ್ತೆಂದು, ಅಂಥ ಮುಖವನ್ನು ತಾವು ಅಲ್ಲಿಯವರೆಗೆ ಆಕೆಯ ಮೇಲೆ ಕಂಡಿರಲಿಲ್ಲವೆಂದು ಇಸ್ತ್ರಿಯಣ್ಣ ಹೇಳುತ್ತಾರೆ.

"ಸರಿ ಸರಿ, ಮನೆ ಜಗಳ ಮನೇಲಿ" ಎಂದ ಸೂಪರ್‌ವೈಸರ್. ಅವನಿಗೂ ನಗು ಬಂದಿತ್ತು. "ನನ್ನೆದುರಿಗೆ ಇನ್ನೊಂದು ಹೊಲಿ ನೋಡೋಣ."

ಎಲ್ಲರೂ ನೋಡುತ್ತಿರುವಾಗ ಹೊಲಿಯುವುದು ಸುಲಭವಲ್ಲ. ಸೊಸೆಯ ಕೈ ನಡುಗುತ್ತಿತ್ತು. ಆಕೆ ಪಕ್ಕದಲ್ಲೇ ನಿಂತಿದ್ದಳು. ಬಟ್ಟೆ ತುಸು ಓರೆಯಾದದ್ದು ಕಂಡಿತು, ಪಾದದ ಒತ್ತು ಹೆಚ್ಚಾದದ್ದು ಕಂಡಿತು. ಕಂಡದ್ದೆಲ್ಲ ನಾಲಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತಿತು. ಆಕೆ ಅವುಗಳಲ್ಲಿ ಹುಡುಕಿ, ಎಲ್ಲಕ್ಕಿಂತ ಹಿಂದೆ ಅಡಗಿ ನಿಂತದ್ದನ್ನು ಕೈಹಿಡಿದು ಮುಂದೆ ತಂದಳು. "ಅವಸರ ಇಲ್ಲ. ನಿನಗೆ ಬರುತ್ತೆ" ಎಂದಳು. ಭುಜಗಳು ಕಿವಿಯಿಂದ ಕೆಳಗಿಳಿದವು. ಕಾಲರು ಮುಗಿದು ಸೂಪರ್‌ವೈಸರನ ಕೈಗೆ, ಅಲ್ಲಿಂದ ಆಕೆಯ ಕೈಗೆ ಬಂತು. ಬಲಗಡೆಯದು ಚೂಪಾಗಿತ್ತು. ಎಡಗಡೆಯದು ಕೂದಲೆಳೆಯಷ್ಟು ಮೊಂಡು. ಸಾಲಿಡೀ ಆಕೆಯ ಬಾಯಿಯನ್ನೇ ನೋಡುತ್ತಿತ್ತು.

"ಎಡಗಡೆ ಮೂಲೆ ಸ್ವಲ್ಪ ದುಂಡಗಾಗಿದೆ ಸಾರ್" ಎಂದಳು ಆಕೆ. ಸುಳ್ಳು ಹೇಳುವುದು ಈಗಲೂ ಆಕೆಗೆ ಬರುತ್ತಿರಲಿಲ್ಲ. "ನಡುಗೋ ಕೈಯಲ್ಲಿ ಹೊಲಿದದ್ದು. ನಡುಗದ ಕೈಯಲ್ಲಿ ಹೇಗಿರುತ್ತೆ ಅಂತ ನಾನು ನೋಡಿದ್ದೀನಿ. ನಾಳೆ ನೀವೂ ನೋಡ್ತೀರಿ." ಸೂಪರ್‌ವೈಸರ್ ಸೊಸೆಯ ಮುಖ ನೋಡಿದ, ಗಡಿಯಾರ ನೋಡಿದ. "ನಾಳೆ ಸರಿಯಾದ ಹೊತ್ತಿಗೆ ಬಾ. ಯಂತ್ರ ನಿನ್ನದೇ. ಅತ್ತೇನ ಮಾತ್ರ ಸ್ವಲ್ಪ ದೂರ ನಿಲ್ಲಿಸು" ಎಂದು, ಹೋಗಬೇಕಾದ ಕಡೆಗೆ ಹೊರಟುಹೋದ.

ಸಂಜೆ ಇಬ್ಬರೂ ಮನೆಗೆ ನಡೆದರು. ಸೊಸೆ ಪಕ್ಕಪಕ್ಕದಲ್ಲೇ ನಡೆಯುತ್ತಾ ಮಾತಾಡುತ್ತಿದ್ದಳು. ಕಟ್ಟೆ ಒಡೆದ ನೀರು. ಯಂತ್ರದ ಪೆಡಲು ಬಿಗಿ, ಕುರ್ಚಿಯ ಒಂದು ಕಾಲು ಗಿಡ್ಡ, ಪಕ್ಕದವಳ ಗಂಡನ ಗೊರಕೆಗೆ ನೆರೆಮನೆಯವರು ಬಾಗಿಲು ಬಡಿದರಂತೆ. ನಡುವೆ ಒಂದು ಸಂಗತಿಯನ್ನು ಅವಳು ಹಿಂದುಮುಂದಾಗಿ ಹೇಳಿದಳು. ಗೊರಕೆ ಆ ಪಕ್ಕದವಳ ಗಂಡನದ್ದಲ್ಲ, ಅವಳ ಮಾವನದ್ದು, ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. ತಿದ್ದುವ ಮಾತು ತುಟಿಯವರೆಗೂ ಬಂತು. "ಆಮೇಲೆ?" ಎಂದಳು ಆಕೆ.

ಇಲ್ಲಿಗೆ ಇಸ್ತ್ರಿಯಣ್ಣ ನಿಲ್ಲಿಸಿದರು. "ಅಲ್ಲಿಂದ ಪೂರ್ತಿ ಬದಲಾದಳೋ?" ಎಂದು ಕೇಳಿದವರಿಗೆ, "ಎಲ್ಲಿ! ಮಾರನೇ ದಿನವೇ ನನ್ನ ಇಸ್ತ್ರಿಗೆ ಮಡಿಕೆ ಸರಿಯಿಲ್ಲ ಅಂದಳು. ಅರ್ಧ ದಾರಿ ಹೋಗಿ ವಾಪಸ್ ಬಂದು, 'ಬೆನ್ನಿನ ಭಾಗ ಮಾತ್ರ ಕನ್ನಡಿ ಹಾಗಿದೆ ಅಣ್ಣಾ' ಅಂದಳು. ವಾಪಸ್ ಬಂದಳಲ್ಲ, ನನಗೆ ಅಷ್ಟು ಸಾಕು" ಎಂದರು. ಕೇಳುಗರು ನಕ್ಕು, ಲೋಟಗಳನ್ನು ಒಟ್ಟುಮಾಡಿ, ಕುರ್ಚಿಗಳನ್ನು ಗೋಡೆಗೆ ಸರಿಸಿ, ಮಕ್ಕಳನ್ನು ಎಬ್ಬಿಸಿಕೊಂಡು ಹೊರಟರು. ಬಾಗಿಲ ಬಳಿ ಒಬ್ಬ ಮುದುಕಿ ಗಂಡನಿಗೆ ಮೆಲ್ಲಗೆ ಏನೋ ಹೇಳಿದಳು. "ಏನಂದೆ?" ಎಂದ ಆತ, ಕಿವಿಗೆ ಕೈ ಹಿಡಿದು. "ಏನಿಲ್ಲ, ನಡೀರಿ" ಎಂದಳು. ಬೀದಿಯ ದೀಪದವರೆಗೂ ಇಬ್ಬರೂ ನಡೆದರು. ಅಲ್ಲಿ ಆಕೆ ನಿಂತು, ಆ ಒಳ್ಳೆಯ ಮಾತನ್ನೇ ಮತ್ತೊಮ್ಮೆ, ಈ ಸಲ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು. ಆಮೇಲೆ ಇಬ್ಬರೂ ಮನೆಗೆ ಹೋದರು.